ಬುದ್ವಾರಿಯ ಮೊದಲ ಹೆಜ್ಜೆ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ. ದೇವರು ಊರೂರಿನ ಮಣ್ಣಿಗೆ ಮರೆವನ್ನು ಹಂಚುತ್ತಾ ಬಂದನಂತೆ, ಒಂದೊಂದು ಊರಿಗೆ ಒಂದೊಂದು ಬೊಗಸೆ. ಹೊಳೆ ದಾಟಿ ಕೊನೆಯ ಊರಿಗೆ ಬರುವ ಹೊತ್ತಿಗೆ ಚೀಲ ಬರಿದಾಗಿತ್ತು. ಚೀಲ ಕೊಡವಿ ತೋರಿಸಿ, ಇನ್ನೊಮ್ಮೆ ತರುತ್ತೇನೆ ಎಂದು ಹೋದವನು ಮತ್ತೆ ಬರಲೇ ಇಲ್ಲ. ಹಾಗಾಗಿ ಆ ಊರಿನಲ್ಲಿ ಬರಿಗಾಲಿನಿಂದ ಇಟ್ಟ ಹೆಜ್ಜೆ ಅಳಿಯುವುದಿಲ್ಲ. ಮಳೆ ಹೊಯ್ದರೂ ಇಲ್ಲ, ಸಗಣಿ ಸಾರಿಸಿದರೂ ಇಲ್ಲ. ಒಂದರ ಮೇಲೊಂದು ಬಿದ್ದರೂ ಕೆಳಗಿನದು ಕಾಣುತ್ತಲೇ ಇರುತ್ತದೆ.

ನನ್ನಜ್ಜಿ ದುಗ್ಗಮ್ಮ ನನ್ನ ತಲೆ ಬಾಚುತ್ತಾ ಕಥೆ ಶುರು ಮಾಡುತ್ತಿದ್ದುದು ಹೀಗೆ. ಆ ಊರು ನಮ್ಮದೇ ಎಂದು ನನಗೆ ಗೊತ್ತಾಗಿದ್ದು ಸ್ವಲ್ಪ ದೊಡ್ಡವಳಾದ ಮೇಲೆ. ಅಲ್ಲಿಯವರೆಗೆ ಎಲ್ಲ ಊರಿನವರೂ ನಮ್ಮ ಹಾಗೆಯೇ ಹಾಸಿಗೆಯಿಂದ ಏಳುತ್ತಲೇ ಚಪ್ಪಲಿ ಹುಡುಕುತ್ತಾರೆಂದುಕೊಂಡಿದ್ದೆ. ತೊಗಲೋ ಮರವೋ ಹಳೆಯ ಟೈರೋ, ಪಾದಕ್ಕೂ ಮಣ್ಣಿಗೂ ನಡುವೆ ಏನಾದರೊಂದು ಇದ್ದರೆ ಗುರುತು ಉಳಿಯುವುದಿಲ್ಲ. ನಡಿಗೆ ಕಲಿಯುವ ಮಕ್ಕಳ ಕಾಲಿಗೆ ತಾಯಂದಿರು ಬಟ್ಟೆ ಸುತ್ತುತ್ತಾರೆ. ಸೇಂದಿ ಕುಡಿದು ಚಪ್ಪಲಿ ಕಳೆದುಕೊಂಡ ಒಬ್ಬ ಗಾಡಿ ಹೊಡೆಯುವವನ ಹೆಜ್ಜೆ ಸಂತೆಬೀದಿಯ ಉದ್ದಕ್ಕೂ ಹಾವಿನಂತೆ ಹೊರಳಿದೆ. ಅವನು ಸತ್ತು ನಲವತ್ತು ವರ್ಷವಾದರೂ ಮೊಮ್ಮಕ್ಕಳು ಇನ್ನೊಂದು ಬೀದಿ ಸುತ್ತಿಕೊಂಡು ಶಾಲೆಗೆ ಹೋಗುತ್ತಾರೆ. ನಮ್ಮ ಎದುರುಮನೆಯ ಸಾಕಮ್ಮನನ್ನು ಗಂಡ ಬಿಟ್ಟುಹೋದಾಗ ಸಿಟ್ಟಿನಲ್ಲಿ ಬರಿಗಾಲಲ್ಲೇ ಅಂಗಳ ಇಳಿದನಂತೆ. ಆ ಹೆಜ್ಜೆಯ ಮೇಲೆ ಅವಳು ಬುಟ್ಟಿ ಕವುಚಿಟ್ಟಿದ್ದಾಳೆ. ಅತ್ತೆ ಬಂದಾಗ ಮಾತ್ರ ಬುಟ್ಟಿ ಎತ್ತಿ ತೋರಿಸುತ್ತಾಳೆ.

ಪ್ರತಿಯೊಂದು ಮನೆತನಕ್ಕೂ ಊರಬಾಗಿಲಿನಲ್ಲಿ ಒಂದು ಮೊದಲ ಹೆಜ್ಜೆ ಇದೆ. ಆ ಮನೆತನದವರಲ್ಲಿ ಮೊಟ್ಟಮೊದಲು ಊರಿಗೆ ಬಂದವರು ಚಪ್ಪಲಿ ಕಳಚಿ ಇಟ್ಟ ಹೆಜ್ಜೆ. ಸುತ್ತಲೂ ಕಲ್ಲಿನ ಕಟ್ಟೆ ಕಟ್ಟಿರುತ್ತಾರೆ. ಅದರ ಪಕ್ಕದಲ್ಲಿ ಅವರ ಕುಡಿಯೊಂದು ತನ್ನ ಬಲಗಾಲನ್ನು ಊರಬೇಕು. ಇದಕ್ಕೆ ಜೊತೆಹೆಜ್ಜೆ ಎನ್ನುತ್ತೇವೆ. ಜೊತೆ ಸಿಗುವವರೆಗೆ ಮೊದಲು ಬಂದವರು ಸತ್ತ ಮೇಲೂ ಅಲ್ಲೇ ನಿಂತಿರುತ್ತಾರೆ. ಕೂರುವಂತಿಲ್ಲ, ಮಲಗುವಂತಿಲ್ಲ. ಬಂದ ಕಾಲಲ್ಲೇ ನಿಂತಿರಬೇಕು.

ಊರಬಾಗಿಲಿನಲ್ಲಿ ನಮ್ಮ ಮನೆಯ ಹೆಜ್ಜೆ ಇರಲಿಲ್ಲ. ನಾವು ತೊತ್ತಿನ ಮನೆಯವರು. ಈಗ ಯಾರೂ ಎದುರಿಗೆ ಹಾಗೆ ಕರೆಯುವುದಿಲ್ಲ. ಬೆನ್ನ ಹಿಂದೆ ಕರೆಯುತ್ತಾರೆ. ಅಜ್ಜಿಯ ಅಜ್ಜಿ ಕಾಳವ್ವ. ಕಾಳವ್ವನ ತಾಯಿಯನ್ನು ದೊಡ್ಡಮನೆಯವರು ಹೊಳೆಯಾಚೆ ಎಲ್ಲಿಂದಲೋ ಕೊಂಡು ತಂದರು. ತಂದದ್ದು ಬುಧವಾರ, ಅದಕ್ಕೇ ಬುದ್ವಾರಿ ಎಂದು ಕರೆದರು. ಅವಳ ತಾಯಿ ಇಟ್ಟ ಹೆಸರೇನೋ ಯಾರಿಗೂ ಗೊತ್ತಿಲ್ಲ.

ಹಾಗೆ ಕೊಂಡು ತಂದ ಆಳುಗಳು ಚಪ್ಪಲಿ ಮೆಟ್ಟುವಂತಿರಲಿಲ್ಲ. ಹಾಗಾಗಿ ಒಂದು ವಿಚಿತ್ರವಾಯಿತು. ದೊಡ್ಡಮನೆಯ ಒಡೆಯರ ಹೆಜ್ಜೆ ಇಡೀ ಊರಿನಲ್ಲಿ ಮೂರೋ ನಾಲ್ಕೋ ಇವೆ, ಅವಕ್ಕೆ ಕಟ್ಟೆ, ಅರಿಶಿನ, ಹೂವು. ಬುದ್ವಾರಿಯ ಹೆಜ್ಜೆಗಳು ಸಾವಿರಾರು, ಊರೆಲ್ಲ ಅವೇ. ಅವುಗಳ ಮೇಲೆ ಜನ ಮೆಟ್ಟಿಕೊಂಡು ಓಡಾಡುತ್ತಾರೆ, ನೆಲ ಒರಟಾಗಿದೆ ಎಂದು ಬಯ್ಯುತ್ತಾರೆ. ಆದರೆ ಅವಳ ಹೆಜ್ಜೆಯನ್ನು ಗುರುತು ಹಿಡಿಯುವುದು ಸುಲಭ. ನಮ್ಮ ಮನೆಯ ಹೆಂಗಸರ ಬಲಗಾಲಿನ ಕಿರುಬೆರಳು ನೆಲ ಮುಟ್ಟುವುದಿಲ್ಲ. ಮಣ್ಣಿನ ಮೇಲೆ ನಾಲ್ಕೇ ಬೆರಳು ಮೂಡುತ್ತವೆ. ಅಂಥ ಕಾಲು ಗಂಡನಿಗೆ ಆಗಿಬರುವುದಿಲ್ಲ ಎಂದು ಹೇಳಿ ನನ್ನನ್ನು ಎರಡು ಕಡೆಯವರು ಬೇಡವೆಂದಿದ್ದಾರೆ.

ಬೇರೆ ಮಕ್ಕಳಿಗೆ ಅವರ ಅಜ್ಜಿಯರು ರಾಜಕುಮಾರಿಯರ ಕಥೆ ಹೇಳಿದರೆ ನನ್ನಜ್ಜಿ ನನ್ನ ಕೈ ಹಿಡಿದು ಬುದ್ವಾರಿಯ ಹೆಜ್ಜೆ ತೋರಿಸುತ್ತಾ ಹೇಳುತ್ತಿದ್ದಳು. ಬಾವಿಯ ಹತ್ತಿರ ಆಳವಾಗಿ ಊರಿದ್ದು, ಎರಡು ಕೊಡ ಹೊತ್ತಿದ್ದಾಗ. ದೊಡ್ಡಮನೆಯ ಹಿತ್ತಲ ಗೋಡೆಯ ಬುಡದಲ್ಲಿ ಬರೀ ಬೆರಳುಗಳು, ಒಳಗೆ ತನ್ನ ಕೂಸು ಅತ್ತಾಗ ತುದಿಗಾಲಲ್ಲಿ ನಿಂತು ಇಣುಕಿದ್ದಾಗ. ಮಾವಿನ ಮರದ ಕೆಳಗೆ ಗೋಲಾಗಿ ಸುತ್ತಿದ ಹೆಜ್ಜೆಗಳಿದ್ದವು. ಅಲ್ಲಿ ಏನು ಮಾಡುತ್ತಿದ್ದಳು ಎಂದರೆ ಅಜ್ಜಿ, "ಕುಣೀತಿದ್ಲೇನೋ, ಯಾರ್ ಕಂಡೋರು" ಎಂದು ನಗುತ್ತಿದ್ದಳು. ನಾನು ಆ ಮರದ ಕೆಳಗೆ ಕೂತು ಅವಳು ಕುಣಿಯುವುದನ್ನು ನೋಡುತ್ತಾ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಅಮ್ಮ ಬಂದು ಕಿವಿ ಹಿಡಿದು ಎಬ್ಬಿಸಬೇಕಾಗುತ್ತಿತ್ತು.

ಒಂದು ಕಡೆಗೆ ಮಾತ್ರ ಅಜ್ಜಿ ನನ್ನನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ಊರಿನಿಂದ ಹೊಳೆಗೆ ಇಳಿಯುವ ದಾರಿಯ ಪಕ್ಕದಲ್ಲಿ ಕಬ್ಬಿಣದ ಕಂಬಿ ಹಾಕಿದ ಒಂದು ಪಟ್ಟಿ ನೆಲವಿದೆ. ಅದರಲ್ಲಿ ಏಳು ಜನರ ಹೆಜ್ಜೆಗಳು, ಎಲ್ಲವೂ ಹೊಳೆಯ ಕಡೆ ಮುಖ ಮಾಡಿದವು. 'ಬಿಟ್ಟುಹೋದವರ ದಾರಿ' ಎಂದು ಹಲಗೆ ಇದೆ. 'ನಮ್ಮೂರಿನಲ್ಲಿ ಯಾರನ್ನೂ ಕೊಂಡು ತಂದಿರಲಿಲ್ಲ, ಕೆಲಸಕ್ಕೆ ಬಂದಿದ್ದರು, ಬೇಡವೆನಿಸಿದಾಗ ಹೋದರು, ನೋಡಿ ಬೇಕಾದರೆ' ಎಂದು ಊರಿನವರು ಬಂದವರಿಗೆಲ್ಲ ಇದನ್ನೇ ತೋರಿಸುತ್ತಾರೆ. ಆ ಏಳರಲ್ಲಿ ಒಂದು ಸಾಲು ನಾಲ್ಕು ಬೆರಳಿನದು. ಆರು ವರ್ಷದ ಕಾಳವ್ವನನ್ನು ದೊಡ್ಡಮನೆಯ ಕೊಟ್ಟಿಗೆಯಲ್ಲಿ ಬಿಟ್ಟು ತಾಯಿ ಓಡಿಹೋದಳು ಎಂಬುದು ಊರಿನ ಮಾತು. ಅಲ್ಲ, ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಅದೇ ಕೊಟ್ಟಿಗೆಯಲ್ಲಿ ಸತ್ತಳು ಎಂದು ಕಾಳವ್ವ ಕೊನೆಯವರೆಗೂ ಹೇಳುತ್ತಿದ್ದಳು. ಚಿಕ್ಕ ಮಗು, ಕನಸು ಕಂಡಿರಬೇಕು ಎಂದರು.

ಕಾಳವ್ವ ಸಾಯುವ ಮೊದಲು ಹತ್ತು ವರ್ಷದ ಅಜ್ಜಿಯಿಂದ ಮಾತು ತೆಗೆದುಕೊಂಡಿದ್ದಳು: ನನ್ನವ್ವ ಬಂದ ಹೆಜ್ಜೆಯನ್ನು ಹುಡುಕು, ಜೊತೆ ಕೊಡು, ಅವಳು ನಿಂತೇ ಇದ್ದಾಳೆ. ಅಜ್ಜಿ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಮಾತು ಕೊಟ್ಟವರ ಬಲಗಾಲೇ ಊರಬೇಕು, ಇನ್ನೊಬ್ಬರದು ನಡೆಯುವುದಿಲ್ಲ. ಎಪ್ಪತ್ತು ವರ್ಷ ಹುಡುಕಿದಳು. ಈಗ ಆ ಬಲಗಾಲಿಗೇ ಸಕ್ಕರೆ ಕಾಯಿಲೆ ಹತ್ತಿ ಹೆಬ್ಬೆರಳು ಕಪ್ಪಾಯಿತು. ಹೊಳೆಯಾಚೆಯ ಆಸ್ಪತ್ರೆಯ ಡಾಕ್ಟರು ನೋಡಿ, ಪಾದ ತೆಗೆಯದಿದ್ದರೆ ಜೀವಕ್ಕೆ ಕಷ್ಟ ಎಂದರು.

"ಎಷ್ಟು ದಿನ ಟೈಮ್ ಕೊಡ್ತೀರಪ್ಪ?" ಎಂದು ಅಜ್ಜಿ ಕೇಳಿದ್ದು ತರಕಾರಿ ಚೌಕಾಸಿ ಮಾಡುವ ದನಿಯಲ್ಲಿ.

"ಹತ್ತು ದಿನ ಔಷಧಿ ಕೊಟ್ಟು ನೋಡೋಣ. ಅಷ್ಟೇ."

ಆ ಹತ್ತು ದಿನ ನಾನು ಕುಂಚ ಹಿಡಿದು ಊರಬಾಗಿಲಿನಲ್ಲಿ ಮಂಡಿಯೂರಿ ಕೂತೆ. ಒಳಗೆ ಬಂದ ಹೆಜ್ಜೆಗಳನ್ನು ಒಂದೊಂದಾಗಿ ಧೂಳು ಕೊಡವಿ ನೋಡಿದೆ. ಹೆಜ್ಜೆಚಾವಡಿಯ ನರಸಪ್ಪಯ್ಯನವರು ದಿನಾ ಬಂದು ಕೊಡೆ ಊರಿ ನಿಲ್ಲುತ್ತಿದ್ದರು. ಊರಿನ ಹೆಜ್ಜೆಗಳಿಗೆಲ್ಲ ಅವರೇ ಕಾವಲು. ಕಂಬಿಯ ಬೀಗದಕೈ ಅವರ ಜನಿವಾರದಲ್ಲಿ ತೂಗುತ್ತಿತ್ತು. ಕೆಟ್ಟವರಲ್ಲ, ಆದರೆ ಅವರ ತಾತ ಹೇಳಿದ್ದು ಅವರಿಗೆ ವೇದ.

"ಏನಮ್ಮಾ ತುಂಗಾ, ಸಿಕ್ಕಿದಳೇ ನಿಮ್ಮ ಬುದ್ವಾರಿ?"

"ಇನ್ನೂ ಇಲ್ಲ ಅಯ್ಯನವರೇ."

"ಹೋದವಳನ್ನ ಬಂದ ಕಡೆ ಹುಡುಕಿದರೆ ಹೇಗೆ ಸಿಗ್ತಾಳೆ? ಮನೆಗೆ ಹೋಗು. ಮದುವೆ ವಯಸ್ಸಿನ ಹುಡುಗಿ ಹೀಗೆ ಹಗಲುಗನಸು ಕಾಣ್ತಾ ಬೀದೀಲಿ ಕೂತಿದ್ದರೆ ನೋಡೋಕೆ ಚೆಂದವೇ?"

ಹತ್ತನೆಯ ದಿನವೂ ನಾಲ್ಕು ಬೆರಳಿನ ಹೆಜ್ಜೆ ಒಂದೂ ಸಿಗಲಿಲ್ಲ. ಮಾರನೆಯ ದಿನ ಶನಿವಾರ. ಅಜ್ಜಿಯನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಪಾದ ತೆಗೆಯಲೇಬೇಕು, ಸೋಮವಾರ ಬೆಳಿಗ್ಗೆ ಬಂದು ಸೇರಿಕೊಳ್ಳಿ ಎಂದಷ್ಟೇ ಹೇಳಿದರು. ಹರಿಗೋಲಿನಲ್ಲಿ ವಾಪಸು ಬರುವಾಗ ಅಜ್ಜಿ ನೀರನ್ನೇ ನೋಡುತ್ತಾ ಕೂತಿದ್ದಳು. ನಡುಹೊಳೆಗೆ ಬಂದಾಗ ಮೆಲ್ಲಗೆ ಹೇಳಿದಳು.

"ಯಾರ್‌ಗೂ ಹೇಳಿಲ್ಲ ಕಣೇ, ನಿಂಗ್ ಹೇಳ್ತೀನಿ. ನಂಗೂ ಒಂದೊಂದ್ಸಲ ಅನ್ನಿಸ್ತದೆ. ನಿಜವಾಗ್ಲೂ ಬಿಟ್ ಹೋಗಿದ್ರೆ?"

ಅಷ್ಟು ಕಥೆ ಕಟ್ಟಿ ನನ್ನನ್ನು ಬೆಳೆಸಿದವಳ ಹೊಟ್ಟೆಯೊಳಗೆ ಇದೊಂದು ಮುಳ್ಳು ಇಷ್ಟು ವರ್ಷ ಇತ್ತಲ್ಲ ಎಂದು ಸಂಕಟವಾಯಿತು.

ದಡದಲ್ಲಿ ಕೆಸರು. ಅಜ್ಜಿಗೆ ಕಾಲೂರಲು ಆಗುತ್ತಿರಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡು, ಅವಳಿಗೆ ಎದುರಾಗಿ, ನಾನು ಹಿಂದು ಹಿಂದಕ್ಕೆ ನಡೆಯುತ್ತಾ ಅವಳನ್ನು ಊರಿನ ಕಡೆ ಹತ್ತಿಸತೊಡಗಿದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಅಜ್ಜಿಯ ಕೈ ಬಿಡುವಂತಿರಲಿಲ್ಲ. ಎರಡೂ ಚಪ್ಪಲಿಗಳನ್ನು ಅಲ್ಲೇ ಒದ್ದು ಬರಿಗಾಲಲ್ಲಿ ಹಿಂದಕ್ಕೆ ಹೆಜ್ಜೆ ಹಾಕಿದೆ.

"ಅಯ್ಯಯ್ಯೋ, ಬೀಳ್ತದಲ್ಲೇ ಹೆಜ್ಜೆ!"

"ಬೀಳಲಿ ಬಿಡಜ್ಜಿ. ನೀನು ಬೀಳಬೇಡ."

ಗಟ್ಟಿ ನೆಲ ಸಿಕ್ಕಿದ ಮೇಲೆ ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿದೆ. ಉಸಿರು ತಿರುಗಿದ ಮೇಲೆ ಅವಳು ನಾವು ಬಂದ ದಾರಿಯನ್ನು ನೋಡಿ ನಗತೊಡಗಿದಳು.

"ನೋಡು, ನಾಳೆ ನಿನ್ ಮಕ್ಳು ನಿನ್ನನ್ನೂ ಆಡ್ಕೊತವೆ. ನಮ್ಮವ್ವ ಹೊಳೆಗೆ ಹೋದ್ಲು ಅಂತ."

ನಾನೂ ನೋಡಿದೆ. ನನ್ನ ನಾಲ್ಕು ಬೆರಳಿನ ಹೆಜ್ಜೆಗಳು ಸಾಲಾಗಿ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದವು. ಊರಿನಿಂದ ಯಾರೋ ಹೊರಟುಹೋದ ಹಾಗೆ. ನಗುತ್ತಿದ್ದ ನಾವಿಬ್ಬರೂ ಒಟ್ಟಿಗೇ ಕಂಬಿಯ ಕಡೆ ತಿರುಗಿದೆವು.

"ಅಜ್ಜಿ," ಎಂದೆ. "ಹಿಂದುಹಿಂದಕ್ಕೆ ನಡೆದು ಯಾಕೆ ಬಂದಿರಬಹುದು ಯಾರಾದರೂ?"

ಅಜ್ಜಿ ಕಂಬಿಯಿಂದ ಕಣ್ಣು ತೆಗೆಯದೆ ಹೇಳಿದಳು: "ನಮ್ಮಜ್ಜಿ ಕಾಳವ್ವ ಯಾರ ಮನೆಯಿಂದ ಎದ್ರೂ ಹಿಂದ್ಹಿಂದಕ್ಕೇ ಹೋಗೋಳು. ಮೆಟ್ಲು ತಡವಿ ಎಷ್ಟು ಸಲ ಬಿದ್ದವ್ಳೋ. ನಾವೆಲ್ಲ ನಗೋರು. ಒಡೇರಿಗೆ ಬೆನ್ನು ತೋರಿಸ್ಬಾರ್ದು ಕಣ್ರೇ, ನಮ್ಮವ್ವ ಹೇಳ್ಕೊಟ್ಟವ್ಳೆ ಅನ್ನೋಳು." ಅವಳ ಕೈ ನನ್ನ ಮುಂಗೈಯನ್ನು ಹಿಡಿದುಕೊಂಡಿತು. "ಒಡೇರು ಪಲ್ಲಕ್ಕೀಲಿ ಬರ್ತಾರೆ ಅನ್ಕೋ. ಕೊಂಡ್ ತಂದ ಆಳ್ಗಳು ತಪ್ಪಿಸ್ಕೋಬಾರ್ದು, ಅದ್ಕೆ ಅವ್ರನ್ನ ಕಣ್ಣೆದ್ರಿಗೇ ಮುಂದೆ ನಡೆಸ್ತಾರೆ. ಮುಂದೆ ಹೋಗೋರು ಬೆನ್ನು ತೋರಿಸಂಗಿಲ್ಲ. ಹೆಂಗ್ ನಡೀತಾರೆ?"

ನಾನು ಎದ್ದು ಓಡಿದೆ. ಬರಿಗಾಲಿನಲ್ಲೇ. ಕಂಬಿಯನ್ನು ಹತ್ತಿ ಒಳಗೆ ಹಾರಿ, ಚಿಕ್ಕಂದಿನಿಂದ ಮುಖ ತಿರುಗಿಸಿಕೊಂಡು ದಾಟುತ್ತಿದ್ದ ಆ ಹೆಜ್ಜೆಗಳ ಮುಂದೆ ಕೂತೆ. ಕೈಯಾಡಿಸಿ ನೋಡಿದೆ. ಬೆರಳುಗಳ ಕಡೆ ಆಳ, ಹಿಮ್ಮಡಿಯ ಕಡೆ ತೆಳು. ಹಿಂದಕ್ಕೆ ಕಾಲಿಡುವವರು ಮೊದಲು ಬೆರಳೂರಿ ನೆಲ ಇದೆಯೋ ಇಲ್ಲವೋ ಎಂದು ತಡವುತ್ತಾರೆ. ಏಳೂ ಜನರದ್ದು ಹಾಗೆಯೇ ಇತ್ತು.

"ಏಯ್! ಯಾರದು ಒಳಗೆ?" ನರಸಪ್ಪಯ್ಯನವರು ಚಾವಡಿಯಿಂದ ಕೊಡೆ ಬೀಸುತ್ತಾ ಬಂದರು. "ತುಂಗಾ! ನಿನಗೇನು ತಲೆ ಕೆಟ್ಟಿದೆಯೇ? ಬರಿಗಾಲು ಬೇರೆ!"

ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಬೆರಳ ಕಡೆ ಆಳ ಇದ್ದರೇನಂತೆ? ಓಡುವವರೂ ಬೆರಳೂರಿಯೇ ಓಡೋದು. ಅವರು ಓಡಿಹೋದರು. ನಮ್ಮ ತಾತ ಇದನ್ನೆಲ್ಲ ಯೋಚನೆ ಮಾಡಿಯೇ ಹಲಗೆ ಬರೆಸಿದ್ದು."

"ಓಡುವವರು ಗೇಣಿಗೊಂದು ಹೆಜ್ಜೆ ಇಡ್ತಾರಾ ಅಯ್ಯನವರೇ?"

ಅವರು ಕೊಡೆಯನ್ನು ನೆಲದ ಮೇಲಿಟ್ಟು ಮಂಡಿಯೂರಿ, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಗೇಣು ಹಾಕಿದರು. ಒಂದು ಗೇಣು. ಮುಂದಿನದೂ ಒಂದು ಗೇಣು. ಹೀಗೆ ಹತ್ತು ಹೆಜ್ಜೆ ಅಳೆದು ಎದ್ದಾಗ ಅವರ ಮುಖ ಬೇರೆಯಾಗಿತ್ತು.

"ಇರು," ಎಂದರು. ಕಂಬಿಯಾಚೆಗೆ ಹೋದರು. ಕಲ್ಲಿನ ಮೇಲೆ ಕೂತಿದ್ದ ಅಜ್ಜಿಯ ಹತ್ತಿರ ಹಸಿ ನೆಲ ಆರಿಸಿಕೊಂಡು ನಿಂತರು. ಮತ್ತೆ, ನಾನು ಜನ್ಮದಲ್ಲಿ ನೋಡುತ್ತೇನೆಂದುಕೊಂಡಿರದ ಕೆಲಸ ಮಾಡಿದರು. ಕಾಲಿನ ಚಡಾವು ಕಳಚಿ ಪಕ್ಕಕ್ಕಿಟ್ಟರು. ಉಪನಯನದಲ್ಲೊಮ್ಮೆ, ಮದುವೆಯಲ್ಲೊಮ್ಮೆ ಬಿಟ್ಟರೆ ಅವರ ಪಾದ ಊರಿನ ಮಣ್ಣು ಮುಟ್ಟಿರಲಿಲ್ಲ. ಕಚ್ಚೆ ಎತ್ತಿಕಟ್ಟಿ, ಕೈಗಳನ್ನು ಅಗಲಿಸಿಕೊಂಡು, ಹಿಂದಕ್ಕೆ ಒಂದು, ಎರಡು, ಮೂರು ಹೆಜ್ಜೆ ಇಟ್ಟರು. ನಾಲ್ಕನೆಯದಕ್ಕೆ ಜಾರಿ ದೊಪ್ಪನೆ ಕೂತುಬಿಟ್ಟರು.

"ಕೂತ ಗುರುತು ಉಳಿಯಾಕಿಲ್ಲ, ಹೆದರ್ಬೇಡಿ ಅಯ್ನೋರೇ," ಎಂದಳು ಅಜ್ಜಿ.

ಅವರು ನಗಲಿಲ್ಲ. ಕೂತಲ್ಲಿಂದಲೇ ತಮ್ಮ ಮೂರು ಹೆಜ್ಜೆಗಳ ಮೇಲೆ ಬಗ್ಗಿ ಬೆರಳಾಡಿಸಿದರು. ಬೆರಳ ಕಡೆ ಆಳ, ಹಿಮ್ಮಡಿ ತೆಳು, ನಡುವೆ ಒಂದು ಗೇಣು. ಎದ್ದು ಬಂದು ಅಜ್ಜಿಯ ಮುಂದೆ ನಿಂತರು. ಪಂಚೆಯ ಹಿಂಭಾಗವೆಲ್ಲ ಕೆಸರು.

"ದುಗ್ಗಮ್ಮ, ಬಂದವರನ್ನ ಹೋದವರು ಅಂತ ಮೂರು ತಲೆಮಾರು ಹೇಳಿಬಿಟ್ಟೆವು. ಈ ಬಾಯಲ್ಲೇ ಎಷ್ಟು ಜನಕ್ಕೆ ತೋರಿಸಿದೀನಿ ನಾನು. ಈ ಹಲಗೆ ಇವತ್ತೇ ತೆಗೆಸ್ತೀನಿ. ಹೊಸದು ಬರೆಸ್ತೀನಿ. ಏನಂತ ಬರೆಸಲಿ ನೀನೇ ಹೇಳು."

"ಹಲಗೆ ಆಮೇಲೆ. ಮೊದ್ಲು ಬಾಗ್ಲು ತೆಗೀರಿ."

ಕಂಬಿಯ ಬೀಗ ತುಕ್ಕು ಹಿಡಿದಿತ್ತು. ಅದು ತೆರೆಯುವಷ್ಟರಲ್ಲಿ ಅಜ್ಜಿ ಕಲ್ಲಿನ ಮೇಲೆಯೇ ಅಳತೊಡಗಿದ್ದಳು. ನಾನು ಹತ್ತಿರ ಹೋದರೆ ಸೆರಗಿನಿಂದ ಮೂಗು ಒರೆಸಿಕೊಂಡು, "ಬಿಟ್ ಹೋಗಿರ್ಲಿಲ್ಲ ಕಣೇ, ಇಲ್ಲೇ ಇದ್ಲು. ಕಾಳವ್ವ ಕನಸು ಕಂಡಿರ್ಲಿಲ್ಲ," ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು.

ಮೊದಲ ಹೆಜ್ಜೆ ಯಾವುದು? ಇಷ್ಟು ಕಾಲ ಹೊಳೆಯ ಕಡೆಯ ತುದಿಯನ್ನು ದಾರಿಯ ಕೊನೆ ಎಂದುಕೊಂಡಿದ್ದೆವು. ಹರಿಗೋಲು ಹತ್ತಿ ಹೋದರು, ಮುಗಿಯಿತು ಎಂದು ಅತ್ತ ಯಾರೂ ಬಗ್ಗಿ ನೋಡಿರಲಿಲ್ಲ. ಅಲ್ಲಿ ಆಳೆತ್ತರ ಜೊಂಡು ಬೆಳೆದಿತ್ತು. ನಾನೂ ನರಸಪ್ಪಯ್ಯನವರೂ ಎರಡೂ ಕೈಗಳಿಂದ ಜೊಂಡು ಕೀಳುತ್ತಾ ನೀರಿನ ಕಡೆ ಇಳಿದೆವು. ನಾಲ್ಕು ಬೆರಳಿನ ಸಾಲು ಜೊಂಡಿನೊಳಗೂ ಮುಂದುವರಿದಿತ್ತು. ಒಂದು ಕಡೆ ಮಣ್ಣು ತಿರುಚಿಕೊಂಡಿತ್ತು, ಯಾರೋ ನಿಂತಲ್ಲೇ ಗಿರ್ರನೆ ತಿರುಗಿದ ಹಾಗೆ. ಅದಕ್ಕೂ ಆಚೆ, ನೀರಿನ ಅಂಚಿಗೆ, ಒಂದೇ ಒಂದು ಬಲಗಾಲಿನ ಹೆಜ್ಜೆ.

ಅದು ಊರಿಗೆ ಮುಖ ಮಾಡಿತ್ತು.

ಹರಿಗೋಲಿನಿಂದ ಇಳಿದು, ಎಲ್ಲರ ಹಾಗೆ ಮುಂದೆ ನೋಡಿಕೊಂಡು ಇಟ್ಟ ಹೆಜ್ಜೆ. ಆಮೇಲೆ ಯಾರೋ ಕೂಗಿರಬೇಕು, ಇಲ್ಲಾ ಹೊಡೆದಿರಬೇಕು. ತಿರುಗಿದಳು. ನಾನು ಕಥೆ ಕೇಳಿ ಬೆಳೆದವಳು, ಕಣ್ಣು ಮುಚ್ಚಿದರೆ ಎಲ್ಲವೂ ಕಾಣುತ್ತದೆ. ಆದರೆ ಅವತ್ತು ಕಣ್ಣು ಮುಚ್ಚಬೇಕು ಅನ್ನಿಸಲಿಲ್ಲ. ಹೆಜ್ಜೆ ಸಣ್ಣದಿತ್ತು. ನನಗಿಂತ ಚಿಕ್ಕವಳಿದ್ದಿರಬೇಕು.

"ಐದೋ ನಾಲ್ಕೋ?" ದಡದ ಮೇಲಿನಿಂದ ಅಜ್ಜಿ ಕೂಗಿದಳು.

"ನಾಲ್ಕು ಅಜ್ಜಿ!"

ನಾವಿಬ್ಬರೂ ಅವಳನ್ನು ಕೈಕುರ್ಚಿ ಮಾಡಿ ಎತ್ತಿಕೊಂಡು ಬಂದೆವು. ತೊತ್ತಿನ ಮನೆಯವರನ್ನು ಚಾವಡಿಯವರು ಹೊತ್ತ ಸುದ್ದಿ ಇನ್ನು ಒಂದು ವಾರ ಊರಿಗೆ ಊಟ ಎಂದು ಅಜ್ಜಿ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಳು. ಕೆಳಗಿಳಿಸಿ ನಿಲ್ಲಿಸಿದ ಮೇಲೆ ನಾನು ಕೂತು ಅವಳ ಬಲಗಾಲಿನ ಪಟ್ಟಿ ಬಿಚ್ಚತೊಡಗಿದೆ. ಕಪ್ಪಾದ ಹೆಬ್ಬೆರಳು ಕಂಡದ್ದೇ ಪಟ್ಟಿಯನ್ನು ಮತ್ತೆ ಒತ್ತಿ ಹಿಡಿದೆ.

"ಕೆಸರು ತಾಗಿದರೆ ಡಾಕ್ಟರು ಬಯ್ಯೋದಿಲ್ವೇನಜ್ಜಿ? ನಂಜಾಗುತ್ತೆ."

"ಸೋಮವಾರ ತೆಗೆಯೋ ಕಾಲಿಗೆ ಶನಿವಾರ ಯಾವ ನಂಜೇ? ಬಿಚ್ಚು, ಬಿಚ್ಚು."

ಜೊತೆಹೆಜ್ಜೆ ಇಡುವಾಗ ಚಾವಡಿಯವರು ಬಂದವರ ಹೆಸರು ಕೂಗಬೇಕು. ನರಸಪ್ಪಯ್ಯನವರು ಗಂಟಲು ಸರಿಮಾಡಿಕೊಂಡು ತಡೆದರು. "ಬುದ್ವಾರಿ ಅನ್ನಲೇ? ಅದು ಅವರು ಇಟ್ಟ ಹೆಸರು."

ಅಜ್ಜಿ ಯೋಚಿಸಿದಳು. "ಈ ಹೆಜ್ಜೆ ಇಡೋವಾಗ ಅವ್ಳಿಗೆ ಇನ್ನೂ ಆ ಹೆಸ್ರು ಇಟ್ಟಿರ್ಲಿಲ್ಲ ಅಯ್ನೋರೇ. ದುಗ್ಗಮ್ಮನ ಮನೆಯೋಳು ಬಂದ್ಲು ಅನ್ನಿ. ಸಾಕು."

ಅವರು ಕೂಗಿದರು. ಊರಬಾಗಿಲಿನಲ್ಲಿ ದೊಡ್ಡ ದೊಡ್ಡ ಮನೆತನಗಳಿಗೆ ಕೂಗುವ ಅದೇ ಗಟ್ಟಿ ದನಿಯಲ್ಲಿ, ಹೊಳೆಯಾಚೆಯ ದಡಕ್ಕೆ ಕೇಳುವ ಹಾಗೆ. ಹರಿಗೋಲಿನವನು ಹುಟ್ಟು ಹಾಕುವುದನ್ನು ನಿಲ್ಲಿಸಿ ನೋಡಿದ.

ಅಜ್ಜಿ ಒಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು, ಊರಿಗೆ ಮುಖ ಮಾಡಿ ನಿಂತಳು. ಬಲಗಾಲನ್ನು ಆ ಸಣ್ಣ ಹೆಜ್ಜೆಯ ಪಕ್ಕಕ್ಕೆ ತಂದಳು. ನೋವಿಗೆ ಒಮ್ಮೆ ಹಲ್ಲು ಕಚ್ಚಿದ್ದು ಕಾಣಿಸಿತು. ಆಮೇಲೆ ಇಡೀ ಮೈಭಾರವನ್ನು ಆ ಪಾದದ ಮೇಲೆ ಬಿಟ್ಟು ಊರಿದಳು. ಮಣ್ಣು ತಣ್ಣಗೆ ಬೆರಳುಗಳ ಸಂದಿಯಿಂದ ಮೇಲೆದ್ದು ಬಂತು.

"ಸಾಕಾ ಅಜ್ಜಿ?"

"ಇನ್ನೊಂಚೂರು ಇರು."

ನನ್ನ ಹೆಗಲ ಮೇಲಿನ ಕೈ ನಿಧಾನವಾಗಿ ಹಗುರವಾಗುತ್ತಾ ಬಂತು. ಎಪ್ಪತ್ತು ವರ್ಷ ಹೊತ್ತ ಕೊಡವನ್ನು ಇಳಿಸಿದವರ ಹಾಗೆ ಅಜ್ಜಿ ಉದ್ದಕ್ಕೆ ಉಸಿರು ಬಿಟ್ಟಳು.

"ಹೂಂ, ಆಯ್ತು," ಎಂದು ಕಾಲೆತ್ತಿದಳು.